ತೂಕದ ಮುಳ್ಳು ನಿಂತೇಬಿಟ್ಟಿದ್ಯಾ? ವ್ಯಾಯಾಮ ಬಿಡಬೇಡಿ, ಬದಲಾಯಿಸಿ

ಇಯರ್‌ಫೋನ್ ಹಾಕ್ಕೊಂಡು ವಾಕಿಂಗ್ ಮಾಡ್ತಾ ಇದನ್ನ ಕೇಳ್ತಿರೋರು ನಿಲ್ಲಬೇಡಿ, ನಡೀತಾನೇ ಇರಿ. ಇವತ್ತಿನ ಮಾತು ಹೆಚ್ಚಾಗಿ ನಿಮಗೇ ಸಂಬಂಧಪಟ್ಟಿದ್ದು.

ಹುಬ್ಬಳ್ಳಿಯಿಂದ ಕೇಳುಗರೊಬ್ಬರು ಒಂದು ವಾಯ್ಸ್ ಮೆಸೇಜ್ ಕಳಿಸಿದ್ರು. 28 ವರ್ಷ, ಆಫೀಸ್ ಕೆಲಸ, ದಿನಕ್ಕೆ ಒಂಬತ್ತು ಗಂಟೆ ಕುರ್ಚಿ. ಅಪ್ಪನಿಗೆ ಶುಗರ್ ಇದೆ. ಕಳೆದ ವರ್ಷ ಇವರ ರಿಪೋರ್ಟ್‌ನಲ್ಲೂ ಎಚ್‌ಬಿಎ1ಸಿ 6.1 ಅಂತ ಬಂತು. 6.5 ಆದ್ರೆ ಡಯಾಬಿಟಿಸ್ ಅಂತಾರೆ, 5.7 ದಾಟಿದ್ರೆ ಅದರ ಹೊಸ್ತಿಲು. ಇವರು ಹೊಸ್ತಿಲ ಮೇಲೆ ನಿಂತಿದ್ರು. ಹೆದರಿ, ದಿನಾ ಬೆಳಿಗ್ಗೆ ಉಣಕಲ್ ಕೆರೆ ಹತ್ರ 5 ಕಿಲೋಮೀಟರ್ ನಡೆಯೋಕೆ ಶುರು ಮಾಡಿದ್ರು. ಸಂಜೆಯ ಮಿರ್ಚಿ, ಗಿರ್ಮಿಟ್ ಬಿಟ್ರು. ಐದು ತಿಂಗಳಲ್ಲಿ 84 ಕೆ.ಜಿ.ಯಿಂದ 76ಕ್ಕೆ ಬಂದ್ರು. ಆಮೇಲೇನಾಯ್ತು ಅನ್ನೋದನ್ನ ಅವರ ಮಾತಲ್ಲೇ ಹೇಳ್ತೀನಿ: “ಆರು ವಾರ ಆತ್ರೀ ಅಕ್ಕಾರ, ಮುಳ್ಳು ಅಲ್ಲಾಡವಲ್ದು. ಮೊದ್ಲಿನಂಗ ನಡೀತೀನಿ, ಮೊದ್ಲಿನಂಗ ಉಣ್ತೀನಿ. ರಾತ್ರಿ ಊಟಾನೂ ಬಿಟ್ಟು ನೋಡ್ಲೇನು? ಇಲ್ಲಾ ಇದೆಲ್ಲಾ ಸಾಕು ಮಾಡ್ಲೇನು?”

ನಾನು ಡಾಕ್ಟರ್ ಅಲ್ಲ, ಆರೋಗ್ಯದ ಸುದ್ದಿ ಬರೆಯೋಳು. ಆದರೆ ಈ ಪ್ರಶ್ನೆಯನ್ನ ಇಷ್ಟು ವರ್ಷದಲ್ಲಿ ಎಷ್ಟು ಜನರ ಬಾಯಲ್ಲಿ ಕೇಳಿದ್ದೀನಿ ಅಂದ್ರೆ, ಇದಕ್ಕೊಂದು ಇಡೀ ಸಂಚಿಕೆ ಇಡಲೇಬೇಕು ಅನ್ನಿಸ್ತು. ಯಾಕಂದ್ರೆ ತೂಕ ಇಳಿಸೋಕೆ ಹೊರಟವರಲ್ಲಿ ತುಂಬಾ ಜನ ಕೈಬಿಡೋದು ಶುರುವಿನಲ್ಲಲ್ಲ, ಇದೇ ಜಾಗದಲ್ಲಿ. ಅವರು ಕೇಳಿದ ಎರಡೂ ದಾರಿ, ಊಟ ಬಿಡೋದು ಮತ್ತು ವ್ಯಾಯಾಮ ಬಿಡೋದು, ಎರಡೂ ಬೇಡ.

ಇದಕ್ಕೆ ಇಂಗ್ಲಿಷಿನಲ್ಲಿ ಪ್ಲಾಟೊ ಅಂತಾರೆ. ಶಾಲೆಯ ಭೂಗೋಳದಲ್ಲಿ ದಖ್ಖನ್ ಪ್ರಸ್ಥಭೂಮಿ ಅಂತ ಓದಿದ್ವಲ್ಲ, ಅದೇ ಪದ. ಮಂಗಳೂರಿಂದ ಶಿರಾಡಿ ಘಾಟಿ ಹತ್ತಿ ಬಂದ್ರೆ ಸಕಲೇಶಪುರ ದಾಟಿದ ಮೇಲೆ ನೆಲ ಹೆಚ್ಚುಕಮ್ಮಿ ಸಮ ಆಗುತ್ತೆ. ನಾವಿಲ್ಲಿ ಹತ್ತುತ್ತಿಲ್ಲ, ಇಳೀತಿದ್ದೀವಿ, ಆದರೂ ಹೆಸರು ಮಾತ್ರ ಅದೇ. ಇರಲಿ.

ಮೊದಲು, ಯಾಕೆ ನಿಲ್ಲುತ್ತೆ? ಅವರ ಲೆಕ್ಕವನ್ನೇ ತಗೊಳ್ಳೋಣ. ನಡೆಯೋದಕ್ಕೆ ದೇಹ ಮಾಡುವ ಹೆಚ್ಚುವರಿ ಖರ್ಚು, ಒಂದು ಕೆ.ಜಿ. ತೂಕಕ್ಕೆ, ಒಂದು ಕಿಲೋಮೀಟರಿಗೆ ಸುಮಾರು ಅರ್ಧ ಕ್ಯಾಲೊರಿ. 84 ಕೆ.ಜಿ. ಇದ್ದಾಗ 5 ಕಿ.ಮೀ.ಗೆ 210 ಕ್ಯಾಲೊರಿ ಹೋಗ್ತಿತ್ತು. ಈಗ 76ಕ್ಕೆ 190. ಅದೇ ಕೆರೆ, ಅದೇ ದಾರಿ, ಅದೇ ಹೊತ್ತು, ಖರ್ಚು ಮಾತ್ರ ಕಡಿಮೆ. 8 ಕೆ.ಜಿ. ಹೊರೆ ಇಳಿಸಿ ನಡೀತಿದ್ದಾರಲ್ಲ! ಇದು ನಡೆಯೋದರ ಲೆಕ್ಕ ಮಾತ್ರ. ಕೂತಾಗ, ಮಲಗಿದಾಗ, ಮೆಟ್ಟಿಲು ಹತ್ತುವಾಗ, ಎಲ್ಲಾ ಕಡೆಯೂ ಸಣ್ಣ ದೇಹಕ್ಕೆ ಸಣ್ಣ ಖರ್ಚು. ಎಲ್ಲಾ ಸೇರಿಸಿದ್ರೆ, ಇಳಿದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 20ರಿಂದ 30 ಕ್ಯಾಲೊರಿ ಕಡಿಮೆ ಅಂತ ಅಂದಾಜು. 8 ಕೆ.ಜಿ.ಗೆ 160ರಿಂದ 240. ಶುರುವಿನಲ್ಲಿ ತೂಕ ಇಳಿಸ್ತಿದ್ದ ಕೊರತೆಯೇ ಹೆಚ್ಚುಕಮ್ಮಿ ಅಷ್ಟಿದ್ರೆ, ಈಗ ಜಮಾ-ಖರ್ಚು ಸರಿಸಮ.

ಇದರ ಜೊತೆಗೆ ದೇಹ ಜಿಪುಣ ಕೂಡ ಆಗುತ್ತೆ. 1945ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ, ಯುದ್ಧಕ್ಕೆ ಹೋಗಲ್ಲ ಅಂದ 36 ಯುವಕರ ಮೇಲೆ ಒಂದು ಪ್ರಯೋಗ ಮಾಡಿದ್ರು. ಒಪ್ಪಿಗೆ ಕೊಟ್ಟೇ ಬಂದವರು ಅವರು. 24 ವಾರ ಅರೆಹೊಟ್ಟೆ ಊಟ. ತೂಕ ಸುಮಾರು ಕಾಲು ಭಾಗ ಇಳಿತು. ಜೊತೆಗೆ ಅವರು ಅಲ್ಲಾಡೋದನ್ನೇ ಕಡಿಮೆ ಮಾಡಿದ್ರು, ಸುಸ್ತು, ನಿರಾಸಕ್ತಿ, ಸದಾ ಊಟದ್ದೇ ಯೋಚನೆ. ಅದು ತೀರಾ ಅತಿಯಾದ ಪ್ರಯೋಗ, ಇವತ್ತು ಅಂಥದ್ದಕ್ಕೆ ಯಾರೂ ಅನುಮತಿ ಕೊಡಲ್ಲ. ಆದರೆ ಸಣ್ಣ ಮಟ್ಟದಲ್ಲಿ ಅದೇ ನಮ್ಮಲ್ಲೂ ಆಗುತ್ತೆ. ಬೆಳಿಗ್ಗೆ 5 ಕಿ.ಮೀ. ನಡೆದಿದ್ದೀನಲ್ಲ ಅಂತ ಮಧ್ಯಾಹ್ನ ಲಿಫ್ಟ್ ಹತ್ತೋದು, ನೀರಿನ ಬಾಟಲಿ ತುಂಬಿಸೋಕೆ ಪಕ್ಕದವರಿಗೆ ಹೇಳೋದು, ಸಂಜೆ ಸೋಫಾ ಬಿಟ್ಟು ಏಳದೇ ಇರೋದು. ಬೇಕಂತ ಮಾಡೋದಲ್ಲ, ಗೊತ್ತೇ ಆಗಲ್ಲ.

ಈಗ ನನಗೆ ಎಲ್ಲಕ್ಕಿಂತ ಆಸಕ್ತಿ ಹುಟ್ಟಿಸಿದ ಅಧ್ಯಯನಕ್ಕೆ ಬರ್ತೀನಿ. ಡಯಾಬಿಟಿಸ್‌ಗೆ ಕೆನಗ್ಲಿಫ್ಲೋಜಿನ್ ಅಂತ ಒಂದು ಮಾತ್ರೆ ಇದೆ. ಅದನ್ನ ತಗೊಂಡ್ರೆ ದಿನಕ್ಕೆ ಸುಮಾರು 90 ಗ್ರಾಂ ಸಕ್ಕರೆ ಮೂತ್ರದಲ್ಲಿ ಹೊರಗೆ ಹೋಗುತ್ತೆ. ಅಂದ್ರೆ ಸುಮಾರು 360 ಕ್ಯಾಲೊರಿ, ದಿನಾ, ತಾನಾಗೇ. ರೋಗಿಗಳಿಗೆ ಇದು ಗೊತ್ತಾಗಲ್ಲ. ಡಯಟ್ ಮಾಡ್ತಿದ್ದೀನಿ ಅನ್ನೋ ಭಾವನೆಯೂ ಇಲ್ಲ. ಹಾಗಿದ್ರೆ ವರ್ಷವಿಡೀ ತೂಕ ಇಳೀತಾನೇ ಇರಬೇಕಲ್ವಾ? ಇಳಿಯಲಿಲ್ಲ. ಕೆಲವು ತಿಂಗಳಾದ ಮೇಲೆ ನಿಂತುಬಿಡ್ತು. ಅಮೆರಿಕದ ಕೆವಿನ್ ಹಾಲ್ ಮತ್ತು ಜೊತೆಯವರು ಈ ರೋಗಿಗಳ ಒಂದು ವರ್ಷದ ತೂಕದ ದಾಖಲೆ ಇಟ್ಕೊಂಡು ಲೆಕ್ಕ ಹಾಕಿ 2016ರಲ್ಲಿ ಪ್ರಕಟಿಸಿದ್ರು. ಗೊತ್ತಾಗಿದ್ದು ಏನಪ್ಪಾ ಅಂದ್ರೆ, ಇಳಿದ ಪ್ರತಿ ಕಿಲೋಗೆ ಹಸಿವು ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು ಹೆಚ್ಚಾಗಿತ್ತು. ಖರ್ಚು ಕಡಿಮೆ ಆಗಿದ್ದಕ್ಕಿಂತ ಮೂರು ಪಟ್ಟು ಜೋರು ಈ ಹಸಿವಿನ ಎಳೆತ. ತಾವು ಹೆಚ್ಚು ತಿಂತಿದ್ದೀವಿ ಅಂತ ಅವರಿಗೆ ಗೊತ್ತೂ ಇರಲಿಲ್ಲ. ಅನ್ನ ಬಡಿಸ್ಕೊಳ್ಳುವಾಗ ಅರ್ಧ ಸೌಟು ಜಾಸ್ತಿ, ಅಷ್ಟೇ.

ಹಾಗಾಗಿ “ನನ್ನ ಮೆಟಬಾಲಿಸಂ ಕೆಟ್ಟುಹೋಗಿದೆ” ಅಂತ ಯಾರಾದ್ರೂ ಅಂದಾಗ ನಾನು ಸ್ವಲ್ಪ ತಡೀತೀನಿ. 1992ರಲ್ಲಿ ನ್ಯೂಯಾರ್ಕ್‌ನಲ್ಲಿ, ದಿನಕ್ಕೆ 1200 ಕ್ಯಾಲೊರಿಗಿಂತ ಕಡಿಮೆ ತಿಂದ್ರೂ ತೂಕ ಇಳಿಯಲ್ಲ ಅಂತಿದ್ದವರನ್ನ ಪರೀಕ್ಷಿಸಿದ್ರು. ಮೆಟಬಾಲಿಸಂ ಸರಿಯಾಗೇ ಇತ್ತು. ತಿಂದಿದ್ದನ್ನ ಸರಾಸರಿ 47 ಶೇಕಡಾ ಕಡಿಮೆ ಬರೆದಿದ್ರು, ಮಾಡಿದ ವ್ಯಾಯಾಮವನ್ನ 51 ಶೇಕಡಾ ಹೆಚ್ಚು ಬರೆದಿದ್ರು. ಸುಳ್ಳು ಹೇಳಿದ್ರು ಅಂತಲ್ಲ. ರೊಟ್ಟಿ ಜೊತೆ ಶೇಂಗಾ ಚಟ್ನಿ ಪುಡಿಗೆ ಹಾಕ್ಕೊಂಡ ಎಣ್ಣೆಯನ್ನ ಯಾರು ಬರೀತಾರೆ ಹೇಳಿ? ಒಂದು ದೊಡ್ಡ ಚಮಚ ಎಣ್ಣೆ ಅಂದ್ರೆ 120 ಕ್ಯಾಲೊರಿ. ನಮ್ಮ ಕೇಳುಗರ ಬೆಳಗಿನ ನಡಿಗೆಯ ಅರ್ಧಕ್ಕಿಂತ ಹೆಚ್ಚು ಅದರಲ್ಲೇ ಹೋಯ್ತು. ಹಾಗಾಗಿ ಒಂದೇ ಒಂದು ವಾರ, ಎಣ್ಣೆ, ಸಕ್ಕರೆ ಹಾಕಿದ ಕಾಫಿ, ಭಾನುವಾರದ ಊಟ, ಎಲ್ಲಾ ಬರೆದಿಟ್ಟು ನೋಡಿ. ಬೈಕೊಳ್ಳೋಕಲ್ಲ, ಎಲ್ಲಿ ಸೋರ್ತಿದೆ ಅಂತ ಗೊತ್ತಾಗೋಕೆ.

ಸರಿ, ಹಾಗಾದ್ರೆ 5 ಕಿಲೋಮೀಟರ್ ಬದಲು 10 ನಡೆದ್ರೆ? ಎಲ್ಲರಿಗೂ ಮೊದಲು ಹೊಳೆಯೋದು ಇದೇ. ಸ್ವಲ್ಪ ಉಪಯೋಗ ಇದೆ, ಆದರೆ ನೀವು ಅಂದ್ಕೊಂಡಷ್ಟಲ್ಲ. ಟಾಂಜಾನಿಯಾದಲ್ಲಿ ಹಾಡ್ಜಾ ಅನ್ನೋ ಜನ ಇದ್ದಾರೆ, ಬೇಟೆಯಾಡಿ, ಗೆಡ್ಡೆ ಅಗೆದು ಬದುಕೋರು. ಹರ್ಮನ್ ಪಾಂಟ್ಜರ್ ತಂಡ ಅವರ ದಿನದ ಖರ್ಚನ್ನ ಅಳೆದು 2012ರಲ್ಲಿ ಹೇಳಿದ್ದು, ದೇಹದ ಗಾತ್ರ ಲೆಕ್ಕಕ್ಕೆ ತಗೊಂಡ್ರೆ ಅವರ ಖರ್ಚು ಕುರ್ಚಿ ಮೇಲೆ ಕೂರೋ ಅಮೆರಿಕದವರಷ್ಟೇ ಇದೆ ಅಂತ. ಒಂದು ಕಡೆ ಹೆಚ್ಚು ದುಡಿದ್ರೆ ಇನ್ನೊಂದು ಕಡೆ ದೇಹ ಉಳಿಸುತ್ತೆ ಅನ್ನೋದು ಅವರ ವಾದ. ಇದರ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಜಗಳ ಇದೆ. ಆದರೆ ಅದೇ ನಡಿಗೆಯನ್ನ ದುಪ್ಪಟ್ಟು ಮಾಡೋದರಿಂದ ಫಲ ದುಪ್ಪಟ್ಟಾಗಲ್ಲ ಅನ್ನೋದಂತೂ ಅನುಭವಕ್ಕೆ ಬರೋ ವಿಷಯ.

ನನ್ನ ಅಭಿಪ್ರಾಯದಲ್ಲಿ ಇಲ್ಲಿ ಬೇಕಾಗಿರೋದು ಹೆಚ್ಚು ವ್ಯಾಯಾಮ ಅಲ್ಲ, ಬೇರೆ ವ್ಯಾಯಾಮ. ಮೊದಲನೇದು, ಭಾರ.

ಇದು ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಜಿಮ್‌ಗಳಲ್ಲಿ ಹೇಳೋ ಕಾರಣ ಸರಿ ಇಲ್ಲ. “ಸ್ನಾಯು ಬೆಳೆಸಿ, ಮಲಗಿದ್ರೂ ಕೊಬ್ಬು ಕರಗುತ್ತೆ” ಅಂತಾರಲ್ಲ? ಒಂದು ಕೆ.ಜಿ. ಸ್ನಾಯು ವಿಶ್ರಾಂತಿಯಲ್ಲಿ ದಿನಕ್ಕೆ ಖರ್ಚು ಮಾಡೋದು ಸುಮಾರು 13 ಕ್ಯಾಲೊರಿ. ಕಷ್ಟಪಟ್ಟು 2 ಕೆ.ಜಿ. ಬೆಳೆಸಿದ್ರೆ 26 ಕ್ಯಾಲೊರಿ, ಒಂದು ಮಾರಿ ಬಿಸ್ಕತ್ತಿನಷ್ಟು. ಅದಕ್ಕಾಗಿ ಯಾರೂ ಭಾರ ಎತ್ತಬೇಕಿಲ್ಲ. ಎತ್ತಬೇಕಾಗಿರೋದು ಬೇರೆ ಕಾರಣಕ್ಕೆ: ಬರೀ ಊಟ ಕಡಿಮೆ ಮಾಡಿ ತೂಕ ಇಳಿಸಿದ್ರೆ, ಇಳಿದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲ, ಸ್ನಾಯು ಮೊದಲಾದದ್ದು. ನಮ್ಮ ಕೇಳುಗರು ಈಗ ರಾತ್ರಿ ಊಟಾನೂ ಬಿಟ್ರೆ ಮುಳ್ಳು ಇಳಿಯಬಹುದು, ಆದರೆ ಯಾವುದು ಇಳೀತು ಅಂತ ಮುಳ್ಳು ಹೇಳಲ್ಲ.

ಭಾರತೀಯರಾದ ನಮಗೆ ಇದು ಇನ್ನೂ ಮುಖ್ಯ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೊ ಹಾಕಿ ಒಂದು ಪುಟ್ಟ ಬರಹ ಪ್ರಕಟಿಸಿದ್ರು. ಇಬ್ಬರ ಬಿಎಂಐ ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು 9.1 ಶೇಕಡಾ, ಯಾಜ್ಞಿಕ್ ಮೈಯಲ್ಲಿ 21.2. ನೋಡೋಕೆ ಇಬ್ಬರೂ ತೆಳ್ಳಗೇ. ನಮ್ಮಲ್ಲಿ ಸ್ನಾಯು ಮೊದಲೇ ಕಡಿಮೆ, ಕೊಬ್ಬು ಹೊಟ್ಟೆ ಸುತ್ತ ಸೇರೋದು ಹೆಚ್ಚು. ಊಟ ಆದ ಮೇಲೆ ರಕ್ತದಲ್ಲಿರೋ ಸಕ್ಕರೆಯನ್ನ ಎಳ್ಕೊಳ್ಳೋ ದೊಡ್ಡ ಉಗ್ರಾಣ ಅಂದ್ರೆ ಸ್ನಾಯುವೇ. ಶುಗರ್ ಹೊಸ್ತಿಲಲ್ಲಿ ನಿಂತವರು ಆ ಉಗ್ರಾಣವನ್ನ ಚಿಕ್ಕದು ಮಾಡ್ಕೊಳ್ಳೋದು ಎಷ್ಟು ಸರಿ?

ಜಿಮ್ ಬೇಕೇ ಬೇಕು ಅಂತೇನಿಲ್ಲ. ಮೈಸೂರಿನ ಗರಡಿ ಮನೆಗಳಲ್ಲಿ ಪೈಲ್ವಾನರು ದಂಡ, ಬಸ್ಕಿ ಹೊಡೆದೇ ಮೈ ಕಟ್ಟಿದವರು. ನಮ್ಮಲ್ಲಿ ಎಷ್ಟೋ ಜನಕ್ಕೆ ಬಸ್ಕಿ ಅಂದ್ರೆ ಹೋಂವರ್ಕ್ ಮಾಡದ ದಿನದ ಶಿಕ್ಷೆ ಅಷ್ಟೇ ನೆನಪಿರೋದು! ಅದನ್ನೇ ಈಗ ವಾರಕ್ಕೆ ಎರಡು ಅಥವಾ ಮೂರು ದಿನ ಮಾಡಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲೂ ವಾರಕ್ಕೆ 150ರಿಂದ 300 ನಿಮಿಷದ ನಡಿಗೆಯಂಥ ಚಟುವಟಿಕೆ ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸೋ ವ್ಯಾಯಾಮ ಇದೆ. ನಾವು ಮೊದಲನೇ ಅರ್ಧ ಕೇಳಿಸ್ಕೊಂಡು ಎರಡನೇದು ಬಿಟ್ಟುಬಿಡ್ತೀವಿ.

ಮಂಡಿ ನೋವಿದ್ರೆ ಪೂರ್ತಿ ಬಸ್ಕಿ ಬೇಡ, ಕುರ್ಚಿ ಮೇಲೆ ಕೂತು ಕೈ ಊರದೇ ಏಳಿ. ನೆಲದ ಮೇಲೆ ದಂಡ ಆಗದಿದ್ರೆ ಅಡುಗೆಮನೆ ಕಟ್ಟೆಗೆ ಕೈಯಿಟ್ಟು ಶುರು ಮಾಡಿ. ಲ್ಯಾಪ್‌ಟಾಪ್ ಬ್ಯಾಗ್‌ಗೆ ಲೀಟರ್ ನೀರಿನ ಬಾಟಲಿ ಐದು ಹಾಕಿದ್ರೆ 5 ಕೆ.ಜಿ. ಆಯ್ತು. ಬೆನ್ನು ನೇರ ಇಟ್ಟು, ಸೊಂಟದಿಂದ ಬಾಗಿ ಅದನ್ನ ನೆಲದಿಂದ ಎತ್ತಿ, ಇಳಿಸಿ. ಮುಂದಕ್ಕೆ ಬಾಗಿ ನಿಂತು ಅದೇ ಬ್ಯಾಗನ್ನ ಹೊಟ್ಟೆ ಕಡೆಗೆ ಎಳೀರಿ. ಈ ನಾಲ್ಕು ಸಾಕು. ಒಂದೊಂದೂ ಎಂಟರಿಂದ ಹನ್ನೆರಡು ಸಲ, ಮೂರು ಸುತ್ತು. “ಇನ್ನೆರಡು ಮಾಡಬಹುದು, ಮೂರನೇದು ಆಗಲ್ಲ” ಅನ್ನಿಸೋ ಹಂತಕ್ಕೆ ನಿಲ್ಲಿಸಿ. ಹನ್ನೆರಡು ಸುಲಭ ಆದ ದಿನ ಇನ್ನೊಂದು ಬಾಟಲಿ ಸೇರಿಸಿ. ಎಲ್ಲಾ ಇರೋದು ಈ ಇನ್ನೊಂದು ಬಾಟಲಿಯಲ್ಲೇ. ಐದು ತಿಂಗಳು ಅದೇ 5 ಕಿ.ಮೀ. ನಡೆದ ಹಾಗೆ ಅದೇ 5 ಕೆ.ಜಿ. ಎತ್ತುತ್ತಾ ಕೂತ್ರೆ ಮತ್ತೆ ಅದೇ ಕಥೆ.

ಜೊತೆಗೆ ಪ್ರೊಟೀನ್ ಬೇಕು. ತೂಕ ಇಳಿಸುವಾಗ ಕೆ.ಜಿ.ಗೆ 1ರಿಂದ 1.2 ಗ್ರಾಂ ಇಟ್ಕೊಂಡ್ರೂ 76 ಕೆ.ಜಿ.ಯವರಿಗೆ 76ರಿಂದ 90 ಗ್ರಾಂ ಆಯ್ತು. ಎರಡು ಮೊಟ್ಟೆಯಲ್ಲಿ 12 ಗ್ರಾಂ, 50 ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲಿ 26, ಒಂದು ಬಟ್ಟಲು ಗಟ್ಟಿ ಬೇಳೆಯಲ್ಲಿ 7. ತಿಳಿ ಸಾರಿನಲ್ಲಿ ಬೇಳೆ ಹುಡುಕಬೇಕು, ಅದನ್ನ ಲೆಕ್ಕಕ್ಕೆ ತಗೋಬೇಡಿ. ಉತ್ತರ ಕರ್ನಾಟಕದವರಿಗೆ ಮಡಕಿ ಕಾಳು, ಹೆಸರು ಕಾಳಿನ ಪಲ್ಯ ಹೇಗೂ ರೂಢಿ ಇದೆ, ರೊಟ್ಟಿ ಒಂದು ಕಡಿಮೆ, ಕಾಳು ಒಂದು ಬಟ್ಟಲು ಜಾಸ್ತಿ ಅಂತ ಅದಲುಬದಲು ಮಾಡಿದ್ರೆ ಹಸಿವೂ ತಡೆಯುತ್ತೆ. ಕಿಡ್ನಿ ತೊಂದರೆ ಇರೋರು ಮಾತ್ರ ಡಾಕ್ಟರನ್ನ ಕೇಳಿಯೇ ಮಾಡಬೇಕು.

ಎರಡನೇದು, ನಡಿಗೆಯ ವೇಗ. ಜಪಾನಿನ ಶಿನ್‌ಶು ವಿಶ್ವವಿದ್ಯಾಲಯದವರು ಒಂದು ಸರಳ ವಿಧಾನ ಪರೀಕ್ಷಿಸಿದ್ರು: ಮೂರು ನಿಮಿಷ ಬಿರುಸು, ಮೂರು ನಿಮಿಷ ನಿಧಾನ, ಹೀಗೆ ಐದು ಸಲ, ವಾರಕ್ಕೆ ನಾಲ್ಕು ದಿನ ಅಥವಾ ಹೆಚ್ಚು. ಐದು ತಿಂಗಳ ಕೊನೆಗೆ, ಒಂದೇ ವೇಗದಲ್ಲಿ ನಡೆದವರಿಗಿಂತ ಇವರ ತೊಡೆಯ ಬಲ, ದಮ್ಮು, ಬಿಪಿ ಎಲ್ಲಾ ಚೆನ್ನಾಗಿ ಸುಧಾರಿಸಿತ್ತು. 2007ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿದ್ದವರು ಮಧ್ಯವಯಸ್ಸು ದಾಟಿದವರು, ಹಾಗಾಗಿ 28ರ ವಯಸ್ಸಿನವರು ಹೆದರೋ ಅಗತ್ಯವೇ ಇಲ್ಲ. ಬಿರುಸು ಅಂದ್ರೆ ಎಷ್ಟು? ಪಕ್ಕದವರ ಜೊತೆ ಒಂದೆರಡು ಪದ ಆಡಬಹುದು, ಪೂರ್ತಿ ವಾಕ್ಯ ಆಡೋಕಾಗಲ್ಲ, ಅಷ್ಟು. ಕೆರೆ ಹತ್ರ ಗೆಳತಿಯರ ಜೊತೆ ಮಾತಾಡ್ತಾ ನಡೆಯೋದು ಮನಸ್ಸಿಗೆ ಒಳ್ಳೇದು, ಆ ಮೂರು ನಿಮಿಷ ಮಾತ್ರ ಬಾಯಿ ಮುಚ್ಚಿ.

ಉಳಿದ ಹದಿನೈದು ಗಂಟೆ? ಫೋನ್‌ನಲ್ಲಿ ಹೆಜ್ಜೆ ಲೆಕ್ಕ ಇದೆಯಲ್ಲ, ಬೆಳಗಿನ ವಾಕಿಂಗ್ ಬಿಟ್ಟು ಇಡೀ ದಿನ ಎಷ್ಟು ಹೆಜ್ಜೆ ಆಗ್ತಿದೆ ನೋಡಿ. ಎರಡು ಸಾವಿರವೂ ಇಲ್ಲ ಅಂದ್ರೆ ಕೆಲಸ ಅಲ್ಲೇ ಇದೆ. ಹತ್ತು ಸಾವಿರ ಅನ್ನೋದು ಏನೂ ಮಂತ್ರ ಅಲ್ಲ, 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸೋ ಯಂತ್ರದ ಹೆಸರು ಅದು. ಫೋನ್ ಬಂದಾಗ ಎದ್ದು ನಡೀತಾ ಮಾತಾಡಿ, ಊಟ ಆದ ಮೇಲೆ ಹತ್ತು ನಿಮಿಷ ಸುತ್ತಾಡಿ. ನಿದ್ದೆ ಕೆಟ್ರೆ ಹಸಿವು ಜಾಸ್ತಿ ಆಗುತ್ತೆ ಅನ್ನೋದೂ ನೆನಪಿರಲಿ.

ಇನ್ನೊಂದು ಎಚ್ಚರಿಕೆ. ಹೊಸದಾಗಿ ಭಾರ ಎತ್ತೋಕೆ ಶುರು ಮಾಡಿದ್ರೆ ಮೊದಲ ಎರಡು-ಮೂರು ವಾರ ತೂಕ ಇಳಿಯೋ ಬದಲು ಒಂದು ಕೆ.ಜಿ. ಏರಲೂಬಹುದು. ನೊಂದ ಸ್ನಾಯು ನೀರು ಹಿಡಿದಿಟ್ಟುಕೊಳ್ಳುತ್ತೆ. ಸ್ನಾಯುವಿನಲ್ಲಿ ಸೇರೋ ಪ್ರತಿ ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರು ಇರುತ್ತೆ. ಹೆಣ್ಣುಮಕ್ಕಳಿಗೆ ಮುಟ್ಟಿನ ಮುಂಚೆಯೂ ಹೀಗೇ ಏರುತ್ತೆ. ಹಾಗಾಗಿ ದಿನಾ ಮುಳ್ಳು ನೋಡಿ ಅಳೋದು ಬೇಡ. ವಾರದ ಸರಾಸರಿ ತೆಗೀರಿ, ನಾಲ್ಕು ವಾರ ಹೋಲಿಸಿ. ಒಂದು ಟೇಪ್ ತಗೊಂಡು ಹೊಟ್ಟೆ ಸುತ್ತಳತೆ ಅಳೀರಿ. ಭಾರತೀಯರಿಗೆ ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ಗಡಿ. ತೂಕ ನಿಂತು ಸುತ್ತಳತೆ ಇಳೀತಿದ್ರೆ ಅದು ಪ್ಲಾಟೊ ಅಲ್ಲವೇ ಅಲ್ಲ.

“ಸಾಕು ಮಾಡ್ಲೇನು” ಅನ್ನೋ ಪ್ರಶ್ನೆ ಉಳಿದಿದೆ. ಅದಕ್ಕೆ ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರ ಕೊಡುತ್ತೆ. ನಮ್ಮ ಕೇಳುಗರ ಥರ ಶುಗರ್ ಹೊಸ್ತಿಲಲ್ಲಿದ್ದ 531 ಭಾರತೀಯರು. ಒಂದು ಗುಂಪಿಗೆ ದಿನಕ್ಕೆ ಅರ್ಧ ಗಂಟೆ ನಡಿಗೆಯಂಥ ವ್ಯಾಯಾಮ, ಊಟದಲ್ಲಿ ಬದಲಾವಣೆ ಹೇಳಿದ್ರು. ಮೂರು ವರ್ಷದಲ್ಲಿ ಸಾಮಾನ್ಯ ಸಲಹೆ ಪಡೆದವರಲ್ಲಿ 55 ಶೇಕಡಾ ಜನಕ್ಕೆ ಡಯಾಬಿಟಿಸ್ ಬಂತು, ವ್ಯಾಯಾಮದ ಗುಂಪಿನಲ್ಲಿ 39.3 ಶೇಕಡಾ. ಆದರೆ ಈ ಎರಡನೇ ಗುಂಪಿನ ತೂಕ ಎಷ್ಟು ಇಳಿದಿತ್ತು ಗೊತ್ತಾ? ಹೇಳಿಕೊಳ್ಳುವಷ್ಟು ಇಳಿದೇ ಇರಲಿಲ್ಲ. ಮುಳ್ಳು ಇದ್ದಲ್ಲೇ ಇತ್ತು, ಕಾಯಿಲೆ ಮಾತ್ರ ದೂರ ಹೋಯ್ತು. ನಮ್ಮ ಕೇಳುಗರದ್ದು ಅದಕ್ಕಿಂತ ಮೇಲು, 84ರಲ್ಲಿ 8 ಕೆ.ಜಿ. ಅಂದ್ರೆ ಒಂಬತ್ತೂವರೆ ಶೇಕಡಾ ಈಗಾಗ್ಲೇ ಇಳಿದಿದೆ. 5ರಿಂದ 10 ಶೇಕಡಾ ಇಳಿದ್ರೇ ಶುಗರ್, ಬಿಪಿ ಸುಧಾರಿಸುತ್ತೆ ಅಂತಾರೆ. ನಾನವರಿಗೆ ಹೇಳಿದ್ದು ಇಷ್ಟು: ಮೊದಲು ಎಚ್‌ಬಿಎ1ಸಿ ಇನ್ನೊಮ್ಮೆ ಮಾಡಿಸಿ, ಆ ನಂಬರ್ ನೋಡಿ ಆಮೇಲೆ ಬೇಜಾರು ಮಾಡ್ಕೊಳ್ಳಿ.

ಯಾರು ಮೊದಲು ಡಾಕ್ಟರ್ ಹತ್ರ ಹೋಗಬೇಕು? ನಡೆಯುವಾಗ ಎದೆ ಬಿಗಿಯೋರು, ತಲೆ ಸುತ್ತೋರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹಾರ್ಟ್ ತೊಂದರೆ ಬಂದವರಿದ್ರೆ, ಬಿಪಿ ಹೆಚ್ಚಿರೋರು. ಸುಸ್ತು, ಚಳಿ ತಡೆಯೋಕಾಗದೇ ಇರೋದು, ಮುಟ್ಟು ತಪ್ಪೋದು ಇದ್ರೆ ಥೈರಾಯ್ಡ್, ಪಿಸಿಒಎಸ್ ಪರೀಕ್ಷೆ ಮಾಡಿಸಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತಗೊಳ್ಳೋರು ವ್ಯಾಯಾಮ ಹೆಚ್ಚಿಸಿದ್ರೆ ಶುಗರ್ ಏಕಾಏಕಿ ಇಳಿಯಬಹುದು, ಡೋಸ್ ಬಗ್ಗೆ ಮೊದಲೇ ಕೇಳಿ, ಜೇಬಲ್ಲಿ ಗ್ಲೂಕೋಸ್ ಇಟ್ಕೊಳ್ಳಿ. ಇನ್‌ಸ್ಟಾಗ್ರಾಂನಲ್ಲಿ ಮಾರೋ ಫ್ಯಾಟ್ ಬರ್ನರ್ ಪುಡಿ, ಕ್ಯಾಪ್ಸೂಲ್‌ಗಳ ಬಗ್ಗೆ ತುಂಬಾ ಜನ ಕೇಳಿದ್ದೀರಿ. ಡಬ್ಬಿ ಹಿಂದೆ ಓದಿ, ಬಹಳಷ್ಟರಲ್ಲಿ ಮುಖ್ಯವಾಗಿ ಇರೋದು ಕೆಫೀನ್. ಕಾಫಿ ಅಗ್ಗ, ರುಚಿಯೂ ಇದೆ.

ತೂಕ ಇಳಿಸೋ ಇಂಜೆಕ್ಷನ್‌ಗಳ ಬಗ್ಗೆ ಬಂದ ಪ್ರಶ್ನೆಗಳನ್ನ ಬೇರೆ ಸಂಚಿಕೆಗೆ ಇಟ್ಟಿದ್ದೀನಿ, ಅದಕ್ಕೆ ಅರ್ಧ ಗಂಟೆಯೂ ಸಾಲಲ್ಲ. ನಿಮ್ಮದೂ ಪ್ರಶ್ನೆ ಇದ್ರೆ ವಾಯ್ಸ್ ಮೆಸೇಜ್ ಕಳಿಸಿ, ಹೆಸರು ಹೇಳ್ದೇ ಇದ್ರೂ ಪರವಾಗಿಲ್ಲ.